‘ಡೂಮ್ಸ್‌ಡೇ ಪೂರ್ತಿ ಕಥೆ ಬರೀ 49 ರೂಪಾಯಿ’ ಅಂತ ಲಿಂಕ್ ಬಂದರೆ ಒತ್ತಬೇಡಿ

ಮಾರ್ವೆಲ್ ಕಂಪನಿಯ ಸೂಪರ್‌ಹೀರೋ ಸಿನಿಮಾ ‘ಅವೆಂಜರ್ಸ್: ಡೂಮ್ಸ್‌ಡೇ’ಯ ಪೂರ್ತಿ ಕಥೆ ನಮ್ಮ ಹತ್ತಿರ ಇದೆ, ಯಾರು ವಾಪಸ್ ಬರ್ತಾರೆ, ಯಾರು ಸಾಯ್ತಾರೆ, ಎಲ್ಲ ಗೊತ್ತು, ಬರೀ 49 ರೂಪಾಯಿ ಕೊಡಿ. ಹೀಗಂತ ಯಾರಾದರೂ ಲಿಂಕ್ ಕಳಿಸಿದರೆ ದಯವಿಟ್ಟು ಒತ್ತಬೇಡಿ. ಮನೆಯಲ್ಲಿ ಸೂಪರ್‌ಹೀರೋ ಹುಚ್ಚಿನ ಮಕ್ಕಳಿದ್ದರೆ ಅವರಿಗೂ ಹೇಳಿ. ನಮ್ಮ ಮನೆಯಲ್ಲಿ ಆ 49 ರೂಪಾಯಿಯ ಹಿಂದೆಯೇ ಅಪ್ಪನ ಪೆನ್ಷನ್ ಖಾತೆಯಿಂದ ಸುಮಾರು ನಾಲ್ಕು ಸಾವಿರ ಹೋಯಿತು. ಅಷ್ಟೇನಾ ಅನ್ನಬಹುದು. ಆದರೆ ಅಪ್ಪ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬರದೇ ಇದ್ದಿದ್ದರೆ ಅದು ಪ್ರತಿ ತಿಂಗಳೂ ಹೋಗುತ್ತಲೇ ಇರುತ್ತಿತ್ತು.

ಮೊದಲೇ ಒಂದು ಮಾತು. ಸಿನಿಮಾ ಬರುವ ಮುಂಚೆ ಊಹೆ ಮಾಡೋದು ತಪ್ಪು ಅಂತ ನಾನು ಹೇಳುತ್ತಿಲ್ಲ. ನಾನೂ ನನ್ನ ತಮ್ಮನೂ ಆ ವಿಷಯದಲ್ಲಿ ಒಂದೇ ಜಾತಿ. 2021ರಲ್ಲಿ ‘ಸ್ಪೈಡರ್ ಮ್ಯಾನ್: ನೋ ವೇ ಹೋಮ್’ ಟ್ರೈಲರ್ ಬಂದಾಗ ಅದರ ಬ್ರೆಜಿಲ್ ಆವೃತ್ತಿಯನ್ನು ನಿಲ್ಲಿಸಿ ನಿಲ್ಲಿಸಿ ನೋಡಿದವರು ನಾವು. ಆ ದೃಶ್ಯದಲ್ಲಿ ಲಿಜರ್ಡ್ ಅನ್ನುವ ಖಳನ ಮುಖಕ್ಕೆ ಏಟು ಬೀಳುತ್ತದೆ, ಹೊಡೆಯುವವರು ಮಾತ್ರ ಕಾಣುವುದಿಲ್ಲ! ಹಾಗಾದರೆ ಅಲ್ಲಿ ಇನ್ನೊಬ್ಬ ಸ್ಪೈಡರ್ ಮ್ಯಾನ್‌ನನ್ನು ಅಳಿಸಿದ್ದಾರೆ ಅಂತ ಪ್ರಪಂಚದ ಅಭಿಮಾನಿಗಳೆಲ್ಲ ಲೆಕ್ಕ ಹಾಕಿದರು. ಲೆಕ್ಕ ಸರಿಯಾಗಿತ್ತು. ಅಷ್ಟರಲ್ಲಿ ಹಿಂದೆ ಸ್ಪೈಡರ್ ಮ್ಯಾನ್ ಆಗಿದ್ದ ಆಂಡ್ರ್ಯೂ ಗಾರ್‌ಫೀಲ್ಡ್ ತಾನು ಆ ಸಿನಿಮಾದಲ್ಲಿ ಇಲ್ಲ ಅಂತ ಸಂದರ್ಶನದ ಮೇಲೆ ಸಂದರ್ಶನದಲ್ಲಿ ಹೇಳುತ್ತಿದ್ದರು. ಸೋರಿಕೆಯಾದ ದೃಶ್ಯ ತೋರಿಸಿ ಕೇಳಿದರೆ ಫೋಟೋಶಾಪ್ ಅಂದುಬಿಟ್ಟರು. ಡಿಸೆಂಬರ್ 16ಕ್ಕೆ, ಅಮೆರಿಕಕ್ಕಿಂತ ಒಂದು ದಿನ ಮೊದಲೇ, ಸಿನಿಮಾ ಇಲ್ಲಿ ಬಂತು. ಅದಕ್ಕೂ ಮುಂಚಿನ ಸ್ಪೈಡರ್ ಮ್ಯಾನ್ ಟೋಬಿ ಮಗ್ವೈರ್ ಕೂಡ ಇದ್ದರು, ಗಾರ್‌ಫೀಲ್ಡ್ ಕೂಡ ಇದ್ದರು. ಥಿಯೇಟರ್‌ನಲ್ಲಿ ಎದ್ದ ಕೂಗು ಇವತ್ತಿಗೂ ಕಿವಿಯಲ್ಲಿದೆ.

ನನಗನ್ನಿಸುವುದು, ಮೋಸದವರಿಗೆ ದಾರಿ ಸಿಕ್ಕಿದ್ದೇ ಇಲ್ಲಿ. ನಟರು ಒಪ್ಪಂದಕ್ಕೆ ಕಟ್ಟುಬಿದ್ದು ಗುಟ್ಟು ಕಾಪಾಡಬೇಕು, ಅದಕ್ಕೆ ಸುಳ್ಳೂ ಹೇಳುತ್ತಾರೆ. ಹಾಗಾಗಿ ಅಭಿಮಾನಿಗಳ ಪಾಲಿಗೆ ‘ಇಲ್ಲ’ ಅನ್ನುವುದೂ ಒಂದು ಸಾಕ್ಷಿ ಆಗಿಬಿಟ್ಟಿದೆ. ಕ್ಯಾಪ್ಟನ್ ಅಮೆರಿಕ ಆಗಿದ್ದ ಕ್ರಿಸ್ ಇವಾನ್ಸ್ 2025ರ ಆರಂಭದಲ್ಲಿ, ಡೂಮ್ಸ್‌ಡೇಗೆ ವಾಪಸ್ ಬರುವ ಸುದ್ದಿ ನಿಜ ಅಲ್ಲ ಅಂದಿದ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ಟೀಸರ್‌ನಲ್ಲಿ ಅವರ ಪಾತ್ರ ಸ್ಟೀವ್ ರಾಜರ್ಸ್ ಬೈಕ್ ಏರಿ ಬಂತು. ಇನ್ನು ನೀವು ಯಾರ ಮಾತು ನಂಬುತ್ತೀರಿ? ನಟ ಹೌದು ಅಂದರೂ ಹೌದು, ಇಲ್ಲ ಅಂದರೂ ಹೌದು. ಸಿನಿಮಾ ತೆರೆಗೆ ಬರುವ ತನಕ ಯಾವ ಸುಳ್ಳನ್ನೂ ಯಾರೂ ಸುಳ್ಳು ಅಂತ ಸಾಬೀತು ಮಾಡಲಾಗದ ಸರಕು ಇದು. ಮಾರುವವರಿಗೆ ಇದಕ್ಕಿಂತ ಒಳ್ಳೆಯ ಸರಕು ಬೇಕಾ?

ಸುಳ್ಳಾದ ಸುದ್ದಿಗಳು ಬೇಗ ಮರೆತುಹೋಗುತ್ತವೆ, ಅದೊಂದು ತೊಂದರೆ. 2022ರ ‘ಡಾಕ್ಟರ್ ಸ್ಟ್ರೇಂಜ್’ ಎರಡನೇ ಭಾಗದಲ್ಲಿ ಟಾಮ್ ಕ್ರೂಸ್ ಇನ್ನೊಂದು ಲೋಕದ ಐರನ್ ಮ್ಯಾನ್ ಆಗಿ ಬರ್ತಾರೆ ಅಂತ ತಿಂಗಳುಗಟ್ಟಲೆ ಸುದ್ದಿ ಓಡಿತು. ಬರಲಿಲ್ಲ. ಅದೇ ಸಿನಿಮಾದಲ್ಲಿ ಜಾನ್ ಕ್ರಾಸಿನ್ಸ್ಕಿ ಮಿಸ್ಟರ್ ಫೆಂಟಾಸ್ಟಿಕ್ ಎಂಬ ಸೂಪರ್‌ಹೀರೋ ಆಗಬೇಕು ಅನ್ನುವ ಅಭಿಮಾನಿಗಳ ಹಳೇ ಆಸೆ ಮಾತ್ರ ನಿಜವಾಯಿತು. ಈಗ ಜನಕ್ಕೆ ನೆನಪಿರುವುದು ಎರಡನೆಯದು. ಮಾರ್ವೆಲ್‌ನ ‘ವಾಂಡಾವಿಷನ್’ ಧಾರಾವಾಹಿ ನಡೆಯುವಾಗ ಪ್ರತಿ ವಾರವೂ ಈ ಸಲ ಖಳ ಮೆಫಿಸ್ಟೋ ಬಂದೇ ಬರ್ತಾನೆ ಅಂತ ಕಾದವರಲ್ಲಿ ನಮ್ಮ ತಮ್ಮನೂ ಒಬ್ಬ. ಕೊನೆಯ ಕಂತು ಮುಗಿದರೂ ಮೆಫಿಸ್ಟೋ ಪತ್ತೆ ಇಲ್ಲ.

ಡೂಮ್ಸ್‌ಡೇ ಅಂತೂ ಊಹೆಗೆ ಹೇಳಿ ಮಾಡಿಸಿದ ಸಿನಿಮಾ. ಮೊದಲು ಅದರ ಹೆಸರು ‘ದಿ ಕಾಂಗ್ ಡೈನಾಸ್ಟಿ’. ಖಳನಾಯಕ ಕಾಂಗ್. 2023ರ ಡಿಸೆಂಬರ್‌ನಲ್ಲಿ ಕೋರ್ಟ್ ತೀರ್ಪಿನ ನಂತರ ಕಾಂಗ್ ಪಾತ್ರದ ನಟ ಜೊನಾಥನ್ ಮೇಜರ್ಸ್ ಅವರನ್ನು ಮಾರ್ವೆಲ್ ಕೈಬಿಟ್ಟಿತು. ಅಲ್ಲಿಗೆ ಆ ಕಥೆಯೂ ಮುಗಿಯಿತು. 2024ರ ಜುಲೈನಲ್ಲಿ ಸ್ಯಾನ್ ಡಿಯಾಗೊ ಕಾಮಿಕ್ ಕಾನ್ ಅನ್ನುವ ಅಭಿಮಾನಿಗಳ ಮೇಳದ ವೇದಿಕೆ ಮೇಲೆ ಒಬ್ಬರು ಮುಖವಾಡ ತೆಗೆದರೆ, ರಾಬರ್ಟ್ ಡೌನಿ ಜೂನಿಯರ್! ಐರನ್ ಮ್ಯಾನ್ ಆಗಿ ಸತ್ತವರು ಹೊಸ ಖಳನಾಯಕ ಡಾಕ್ಟರ್ ಡೂಮ್ ಆಗಿ ವಾಪಸ್. ಆಮೇಲೆ 2025ರ ಮಾರ್ಚ್ 26ಕ್ಕೆ, ನಟರ ಹೆಸರು ಹೇಳಲು ಮಾರ್ವೆಲ್ ಮಾಡಿದ ಕುರ್ಚಿಗಳ ಲೈವ್. ಐದು ಗಂಟೆಗೂ ಜಾಸ್ತಿ ಹೊತ್ತು, ಒಂದೊಂದೇ ಕುರ್ಚಿ, ಅದರ ಹಿಂದೆ ಒಂದೊಂದು ಹೆಸರು. ಒಟ್ಟು 27. ಹಳೇ ಎಕ್ಸ್‌ಮೆನ್ ಸಿನಿಮಾಗಳ ಪ್ಯಾಟ್ರಿಕ್ ಸ್ಟುವರ್ಟ್, ಇಯಾನ್ ಮೆಕೆಲೆನ್ ಹೆಸರು ಬಂದವು. ಅದೇ ಸಿನಿಮಾಗಳ ವುಲ್ವರೀನ್, ಹ್ಯೂ ಜಾಕ್‌ಮನ್ ಹೆಸರು ಬರಲಿಲ್ಲ. ಇವಾನ್ಸ್ ಹೆಸರೂ ಇರಲಿಲ್ಲ. ಖಾಲಿ ಕುರ್ಚಿ ತೋರಿಸಿ ಜನರನ್ನು ಅಷ್ಟು ಹೊತ್ತು ಕೂರಿಸಿದ್ದು ನೋಡಿದರೆ ಮಾರ್ವೆಲ್‌ನವರಿಗೂ ನಮ್ಮ ಹುಚ್ಚು ಚೆನ್ನಾಗಿ ಗೊತ್ತು ಅನ್ನಿ. 2026ರ ಮೇ 1ಕ್ಕೆ ಬರಬೇಕಿದ್ದ ಸಿನಿಮಾ ಡಿಸೆಂಬರ್ 18ಕ್ಕೆ ಹೋಯಿತು. ಲೀಕ್ ಮಾರುವವರಿಗೆ ಏಳು ತಿಂಗಳಿಗೂ ಜಾಸ್ತಿ ಸಮಯ ಪುಕ್ಕಟೆ ಸಿಕ್ಕಿತು.

ತಮ್ಮ ಸೇರಿದ ಗ್ರೂಪ್ ಇದ್ದದ್ದು ಒಂದು ಮೆಸೇಜಿಂಗ್ ಆಪ್‌ನಲ್ಲಿ. ಸೇರಲು ದುಡ್ಡಿಲ್ಲ. ಮೇಲ್ಗಡೆ ಪಿನ್ ಮಾಡಿದ್ದ ಮೆಸೇಜ್‌ಗಳೇ ಗಾಳ. ಇವಾನ್ಸ್ ವಾಪಸ್ ಬರ್ತಾರೆ ಅಂತ ಟೀಸರ್‌ಗೆ ಎಷ್ಟೋ ತಿಂಗಳು ಮೊದಲಿನ ತಾರೀಖಿನ ಮೆಸೇಜ್. ಕುರ್ಚಿಗಳ ಲೈವ್‌ಗೆ ಮುಂಚಿನ ತಾರೀಖಿನಲ್ಲಿ ಹಳೇ ಎಕ್ಸ್‌ಮೆನ್ ನಟರ ಹೆಸರು. ಒಂದೂ ತಪ್ಪಿಲ್ಲ. ‘ನೋಡಕ್ಕಾ, ಇವರಿಗೆ ಒಳಗಿನವರು ಹೇಳ್ತಾರೆ’ ಅಂದ. ಒಳಗಿನವರು ಯಾರೂ ಇರಲಿಲ್ಲ. ಅವನ ಗೆಳೆಯನೊಬ್ಬ ಮೊದಲಿನಿಂದಲೂ ಆ ಗ್ರೂಪ್‌ನಲ್ಲಿದ್ದ. ಅವನ ಫೋನ್‌ನಲ್ಲಿ ಹಳೇ ಸ್ಕ್ರೀನ್‌ಶಾಟ್‌ಗಳು ಉಳಿದಿದ್ದವು. ನೋಡಿದರೆ, ಅಡ್ಮಿನ್ ಆಗ ಸಿಕ್ಕ ಸಿಕ್ಕ ನಟರ ಹೆಸರನ್ನೆಲ್ಲ ಬೇರೆ ಬೇರೆ ಮೆಸೇಜ್ ಮಾಡಿ ಹಾಕಿದ್ದ. ಜಾಕ್‌ಮನ್ ಇದ್ದರು, ಟಾಮ್ ಕ್ರೂಸ್ ಇದ್ದರು, ಯಾರಿರಲಿಲ್ಲ ಹೇಳಿ. ಅಧಿಕೃತ ಪಟ್ಟಿ ಬಂದ ರಾತ್ರಿಯೇ ತಪ್ಪಾದವನ್ನೆಲ್ಲ ಅಳಿಸಿದ್ದಾನೆ. ಸರಿಯಾದವು ಹಳೇ ತಾರೀಖಿನ ಸಮೇತ ಉಳಿದವು. ಗಿಳಿಶಾಸ್ತ್ರದವನು ಪೆಟ್ಟಿಗೆಯ ಕಾರ್ಡೆಲ್ಲ ಹರವಿ, ನಿಮಗೆ ಒಪ್ಪುವ ಒಂದನ್ನು ಬಿಟ್ಟು ಮಿಕ್ಕಿದ್ದನ್ನು ಸುಟ್ಟರೆ ಹೇಗೋ ಹಾಗೆ. ಹೊಸದಾಗಿ ಸೇರುವವರ ಕಣ್ಣಿಗೆ ಅಡ್ಮಿನ್ ಬ್ರಹ್ಮಜ್ಞಾನಿ.

ಈ ಲೆಕ್ಕ ತಿಳಿದರೆ ಅರ್ಧ ಮೋಸ ಅಲ್ಲಿಗೇ ನಿಂತಿತು. ಅಡ್ಮಿನ್ ಅಳಿಸಬಹುದಾದ ಜಾಗದಲ್ಲಿ ಇರುವ ಹಳೇ ಮೆಸೇಜ್, ಅದರ ತಾರೀಖು ನಿಜವೇ ಆಗಿದ್ದರೂ, ಏನನ್ನೂ ಸಾಬೀತು ಮಾಡುವುದಿಲ್ಲ.

ದುಡ್ಡಿನ ಕಥೆ ಆಮೇಲಿನದು. ತಮ್ಮ ಸಂಕ್ರಾಂತಿಗೆ ಊರಿಗೆ ಬಂದಿದ್ದಾಗ ‘ಪ್ರೀಮಿಯಂ ಗ್ರೂಪ್, ಸೀನ್ ಬೈ ಸೀನ್ ಕಥೆ, 49 ರೂಪಾಯಿ, ಇವತ್ತೊಂದೇ ದಿನ’ ಅಂತ ಲಿಂಕ್ ಬಂದಿದೆ. ಇವನ ಖಾತೆಯಲ್ಲಿ ದುಡ್ಡಿಲ್ಲ. ಅಪ್ಪನ ಫೋನ್‌ನಿಂದ ಕಟ್ಟಿದ. ನಮ್ಮ ಮನೆಯಲ್ಲಿ ಅಪ್ಪನ ಯುಪಿಐ ಪಿನ್ ಎಲ್ಲರಿಗೂ ಗೊತ್ತು, ನಿಮ್ಮ ಮನೆಯಲ್ಲೂ ಹಾಗೇ ಇರಬಹುದು. ಪರದೆಯಲ್ಲಿ ದೊಡ್ಡದಾಗಿ 49 ಅಂತ ಇತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಆಟೊಪೇ, ಗರಿಷ್ಠ ಮೊತ್ತ 1,999, ಹಲವು ವರ್ಷಗಳ ಅವಧಿ ಅಂತೆಲ್ಲ ಇತ್ತು. ಯಾರು ಓದ್ತಾರೆ?

ಆಟೊಪೇ ಹೇಗೆ ಅಂದರೆ, ಮೊದಲ ಸಲ ಒಪ್ಪಿಗೆಗೆ ಮಾತ್ರ ಪಿನ್ ಹಾಕಬೇಕು. ಆಮೇಲೆ ಸಾಮಾನ್ಯ ಪಾವತಿಗಳಲ್ಲಿ ಒಂದು ಸಲಕ್ಕೆ 15,000 ರೂಪಾಯಿವರೆಗೆ ಪಿನ್ ಕೇಳದೆಯೇ ಕಡಿತ ಆಗುತ್ತದೆ. ಕರೆಂಟ್ ಬಿಲ್, ಮೊಬೈಲ್ ರೀಚಾರ್ಜ್, ಒಟಿಟಿ ಚಂದಾಗೆ ಇದು ಅನುಕೂಲವೇ. ಕಡಿತಕ್ಕೆ 24 ಗಂಟೆ ಮೊದಲು ತಿಳಿಸಬೇಕು ಅನ್ನುವ ನಿಯಮವೂ ಇದೆ. ಅಪ್ಪನ ಫೋನಿಗೆ ಮೆಸೇಜ್ ಬಂದಿತ್ತು ಕೂಡ. ಇಂಗ್ಲಿಷಿನಲ್ಲಿ. ಸಾಲ ಬೇಕಾ, ಕ್ರೆಡಿಟ್ ಕಾರ್ಡ್ ಬೇಕಾ ಅನ್ನುವ ನೂರೆಂಟು ಮೆಸೇಜ್‌ಗಳ ನಡುವೆ ಅದೂ ಒಂದು. 1,999 ಹೋಯಿತು. ಮುಂದಿನ ತಿಂಗಳು ಇನ್ನೊಂದು 1,999 ಹೋಯಿತು. ಖಾತೆಯಲ್ಲಿದ್ದ ಹೆಸರು ಗ್ರೂಪ್‌ನದ್ದಲ್ಲ, ಸಿನಿಮಾದ್ದಂತೂ ಅಲ್ಲವೇ ಅಲ್ಲ. ಯಾವುದೋ ಅಂಗಡಿ ಹೆಸರಿನ ಹಾಗಿತ್ತು. ‘ಮಗಾ, ನಾವು ಈ ಅಂಗಡಿಯಲ್ಲಿ ಏನು ತಗೊಂಡಿದ್ವಿ?’ ಅಂತ ಅಪ್ಪ ಪಾಸ್‌ಬುಕ್ ಹಿಡಿದು ನನ್ನನ್ನು ಕೇಳಿದರು. ನನಗೂ ಹೊಳೆಯಲಿಲ್ಲ. ಯುಪಿಐ ಆಪ್ ತೆರೆದು ಆಟೊಪೇ ಪಟ್ಟಿ ನೋಡಿದಾಗ ಒಪ್ಪಿಗೆ ಕೊಟ್ಟ ತಾರೀಖು ಸಂಕ್ರಾಂತಿ ರಜೆಯದ್ದು. ತಮ್ಮನಿಗೆ ಫೋನ್ ಮಾಡಿ ‘ಏನೋ ಇದು?’ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ.

ಅಷ್ಟು ದುಡ್ಡಿಗೆ ಸಿಕ್ಕಿದ್ದೇನು ಗೊತ್ತಾ? ಒಂದು ಪಿಡಿಎಫ್. ‘ಕಾನ್ಫಿಡೆನ್ಷಿಯಲ್’ ಅಂತ ಪ್ರತಿ ಪುಟದ ಮೇಲೂ ಅಡ್ಡಲಾಗಿ ಕೆಂಪು ಅಕ್ಷರ. ನಾನು ಕೂತು ಪೂರ್ತಿ ಓದಿದೆ. ಲೋಕಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಉಳಿದ ಚೂರುಗಳನ್ನು ಸೇರಿಸಿ ಡೂಮ್ ‘ಬ್ಯಾಟಲ್‌ವರ್ಲ್ಡ್’ ಕಟ್ಟುತ್ತಾನೆ, ತಾನೇ ದೇವರಾಗಿ ಆಳುತ್ತಾನೆ. ಇದು 2015ರಲ್ಲಿ ಮಾರ್ವೆಲ್ ಪ್ರಕಟಿಸಿದ ‘ಸೀಕ್ರೆಟ್ ವಾರ್ಸ್’ ಕಾಮಿಕ್ಸ್ ಕಥೆ! ಕಾಮಿಕ್ಸ್ ಓದುವ ಯಾರನ್ನು ಕೇಳಿದರೂ ಚಹಾ ಕುಡಿಯುವಷ್ಟರಲ್ಲಿ ಹೇಳಿ ಮುಗಿಸುತ್ತಾರೆ. ಸಿನಿಮಾ ಕಥೆ ಆ ಕಡೆ ಹೋದರೂ ಹೋಗಬಹುದು, ಮುಂದಿನ ಭಾಗದ ಹೆಸರೇ ‘ಸೀಕ್ರೆಟ್ ವಾರ್ಸ್’ ಅಲ್ವಾ. ಆದರೆ ಅದು ಲೀಕ್ ಅಲ್ಲ. ಡೂಮ್ ಮುಖವಾಡ ತೆಗೆದಾಗ ಟೋನಿ ಸ್ಟಾರ್ಕ್ (ಐರನ್ ಮ್ಯಾನ್) ಮುಖ ನೋಡಿ ಪೀಟರ್ ಪಾರ್ಕರ್ (ಸ್ಪೈಡರ್ ಮ್ಯಾನ್) ಅಳುವ ಸೀನೂ ಇತ್ತು. ಡೌನಿ ಜೂನಿಯರ್ ವಾಪಸ್ ಬರ್ತಾರೆ ಅಂತ ಕೇಳಿದ ದಿನವೇ ಎಲ್ಲರ ತಲೆಗೂ ಬಂದ ಸೀನ್ ಅದು. ಮಜಾ ಅಂದರೆ ನಡುವೆ ಒಂದು ಕಡೆ ಕಾಂಗ್ ಬಂದು ಡೂಮ್ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾನೆ. ಹಳೇ ಊಹೆಯನ್ನೇ ಎತ್ತಿ ಅಂಟಿಸಿದವರು ಅದನ್ನು ತೆಗೆಯಲು ಮರೆತಿದ್ದರು.

ಆ ಗ್ರೂಪ್‌ನಲ್ಲಿ ಇನ್ನೂ ಎರಡು ವ್ಯಾಪಾರ ನಡೆಯುತ್ತಿತ್ತು. ಒಂದು, ‘ಥಿಯೇಟರ್‌ಗೆ ಮಾತ್ರ ಕೊಟ್ಟಿರುವ ಟೀಸರ್, ಹೆಚ್‌ಡಿ, ಈ ಪ್ಲೇಯರ್ ಹಾಕಿಕೊಂಡರೆ ಮಾತ್ರ ಓಡುತ್ತೆ’ ಅಂತ ಒಂದು ಎಪಿಕೆ ಫೈಲ್, ಅಂದರೆ ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಹಾಕಿಕೊಳ್ಳುವ ಆಪ್. ತಮ್ಮನ ಗೆಳೆಯರಲ್ಲೊಬ್ಬ ಹಾಕಿಕೊಂಡ. ಅದು ಎಸ್‌ಎಂಎಸ್ ಓದುವ ಅನುಮತಿ ಕೇಳಿದೆ, ಇವನು ಕೊಟ್ಟಿದ್ದಾನೆ. ವಿಡಿಯೊ ನೋಡಲು ಎಸ್‌ಎಂಎಸ್ ಯಾಕೆ ಓದಬೇಕು? ಒಟಿಪಿಗೆ. ರಾತ್ರಿ ಕಳೆಯುವಷ್ಟರಲ್ಲಿ ಅವನ ನಂಬರಿನಿಂದಲೇ ಅದೇ ಫೈಲ್ ಅವನ ನೆಂಟರಿಗೆಲ್ಲ ಹೋಗಿತ್ತು. ಫೋನ್ ಪೂರ್ತಿ ರೀಸೆಟ್ ಮಾಡಿಸಬೇಕಾಯಿತು.

ಇನ್ನೊಂದು ನಮ್ಮ ಭಾಷೆಯ ಹೆಸರಿನಲ್ಲಿ. ಡೂಮ್ಸ್‌ಡೇ ಕನ್ನಡ ಡಬ್ಬಿಂಗ್‌ಗೆ ಹೊಸ ಧ್ವನಿಗಳು ಬೇಕು, ಆಡಿಷನ್ ನೋಂದಣಿಗೆ ಶುಲ್ಕ ಕಟ್ಟಿ ಅಂತ. 2023ರಲ್ಲಿ ‘ಸ್ಪೈಡರ್ ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’ ಕನ್ನಡವೂ ಸೇರಿ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಂದಿದ್ದು ನಿಜ. ಹಾಗಾಗಿ ಕೇಳಿದವರಿಗೆ ಇದೂ ನಿಜ ಅನ್ನಿಸುತ್ತದೆ. ಧ್ವನಿ ಬೇಕಾದವರು ಧ್ವನಿಗೆ ದುಡ್ಡು ಕೊಡುತ್ತಾರೆ, ಕೇಳುವುದಿಲ್ಲ. ಕಾಲೇಜಿನಲ್ಲಿ ನಾಟಕ ಮಾಡುವ ಹುಡುಗರು ಇದಕ್ಕೆ ಜಾಸ್ತಿ ಬೀಳುತ್ತಾರೆ ಅನ್ನುವುದು ನನ್ನ ಅನಿಸಿಕೆ. ಅದಕ್ಕೇ ಅವರ ಕಿವಿಗೂ ಹಾಕಿ.

ಕಣ್ಣಾರೆ ಕಂಡೆ ಅನ್ನುವ ಮಾತೂ ಈಗ ಸಾಲದು. ಡೂಮ್ ಮುಖವಾಡ ತೆಗೆಯುವ, ವುಲ್ವರೀನ್ ಕಿರುಚುವ ಟ್ರೈಲರ್‌ಗಳು ಎಐನಲ್ಲಿ ದಿನಕ್ಕೊಂದು ಹುಟ್ಟುತ್ತವೆ. 2025ರ ಮಾರ್ಚ್‌ನಲ್ಲಿ ಇಂಥ ನಕಲಿ ಟ್ರೈಲರ್ ಮಾಡುತ್ತಿದ್ದ ಎರಡು ದೊಡ್ಡ ಚಾನೆಲ್‌ಗಳ ಜಾಹೀರಾತು ಆದಾಯವನ್ನು ಯೂಟ್ಯೂಬ್ ನಿಲ್ಲಿಸಿತು. ಡಿಸೆಂಬರ್‌ನಲ್ಲಿ ಆ ಚಾನೆಲ್‌ಗಳನ್ನೇ ಮುಚ್ಚಿಸಿತು. ಮೆಸೇಜಿಂಗ್ ಗ್ರೂಪ್‌ಗಳಲ್ಲಿ ಅಂಥ ತುಣುಕುಗಳು ಇನ್ನೂ ಓಡಾಡುತ್ತಿವೆ, ‘ಒರಿಜಿನಲ್’ ಅನ್ನುವ ಹೆಸರಿನಲ್ಲಿ.

ನಮ್ಮ ದುಡ್ಡು ಇನ್ನೂ ಬಂದಿಲ್ಲ. ಪಿನ್ ಹಾಕಿ ನೀವೇ ಒಪ್ಪಿಗೆ ಕೊಟ್ಟಿದ್ದೀರಲ್ಲ ಅಂತ ಬ್ಯಾಂಕಿನವರು ಅಂದರು. ಅವರ ಮಾತಿನಲ್ಲಿ ಸುಳ್ಳಿಲ್ಲ, ಕೋಪ ಮಾತ್ರ ಬಂತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇವೆ, ಯುಪಿಐ ಆಪ್‌ನಲ್ಲೂ ಆ ವಹಿವಾಟಿನ ಮೇಲೆ ದೂರು ಹಾಕಿದ್ದೇವೆ. ದುಡ್ಡು ಹೋದ ತಕ್ಷಣ 1930ಕ್ಕೆ ಹೇಳಿದರೆ ಅದು ಕೈದಾಟುವ ಮುಂಚೆ ತಡೆಯುವ ಅವಕಾಶ ಜಾಸ್ತಿ. ನಾವು ತಡವಾಗಿ ಹೇಳಿದೆವು. ಗ್ರೂಪ್‌ನಿಂದ ಹೊರಬರುವ ಮುಂಚೆ ಅಡ್ಮಿನ್ ಮೆಸೇಜ್, ಪಾವತಿ ಲಿಂಕ್, ದುಡ್ಡು ಹೋದ ಹೆಸರು, ಇಷ್ಟರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಕೇಳಿದ ತಕ್ಷಣ ಅಡ್ಮಿನ್ ನಮ್ಮನ್ನು ಬ್ಲಾಕ್ ಮಾಡಿದ, ಆಮೇಲೆ ಏನೂ ಸಿಗಲಿಲ್ಲ.

ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಅಪ್ಪ, ಅಮ್ಮ, ಅಜ್ಜಿ, ಯಾರ ಫೋನಿನಲ್ಲಿ ಯುಪಿಐ ಇದೆಯೋ ಅದನ್ನು ತೆರೆದು ಆಟೊಪೇ ಅನ್ನುವ ಜಾಗ ಹುಡುಕಿ. ಸಾಮಾನ್ಯವಾಗಿ ಪ್ರೊಫೈಲ್ ಒಳಗೆ ಇರುತ್ತದೆ. ಗುರುತಿಲ್ಲದ ಹೆಸರಿದ್ದರೆ ರದ್ದು ಒತ್ತಿ, ಪಿನ್ ಹಾಕಿ. ಗ್ರೂಪ್ ಬಿಟ್ಟರೆ, ಆಪ್ ಅಳಿಸಿದರೆ ಆಟೊಪೇ ನಿಲ್ಲುವುದಿಲ್ಲ, ಅದನ್ನು ಅಲ್ಲೇ ರದ್ದು ಮಾಡಬೇಕು. ಅಪ್ಪನ ಫೋನಿನಲ್ಲಿ ಹುಡುಕುವಾಗ ಇನ್ನೊಂದೂ ಸಿಕ್ಕಿತು, ಯಾವುದೋ ಜಾತಕದ ಆಪ್. ಅದನ್ನು ಹಾಕಿದವರು ಯಾರು ಅಂತ ಅಪ್ಪ ಇನ್ನೂ ಬಾಯಿಬಿಟ್ಟಿಲ್ಲ.