ಸಸ್ಯಸಾರದ ಪರೀಕ್ಷೆ: ರಾಸಾಯನಿಕ, ಜೀವಕೋಶ, ಪ್ರಾಣಿ – ಯಾವಾಗ ಯಾವುದು?

ಔಷಧೀಯ ಸಸ್ಯವೊಂದರ ಸಾರವನ್ನು ಪರೀಕ್ಷಿಸಲು ಡಿಪಿಪಿಎಚ್ ಎಂಬ ರಾಸಾಯನಿಕ ವಿಧಾನ, ಜೀವಕೋಶಗಳ ಮೇಲಿನ ಎಂಟಿಟಿ ಪರೀಕ್ಷೆ ಮತ್ತು ಪ್ರಾಣಿ ಪ್ರಯೋಗ, ಈ ಮೂರರಲ್ಲಿ ಯಾವುದನ್ನು ಆರಿಸಬೇಕೆಂಬ ಪ್ರಶ್ನೆಗೆ ಉತ್ತರ ನಿಮ್ಮ ಉದ್ದೇಶವನ್ನು ಅವಲಂಬಿಸಿದೆ.

ಖರ್ಚು ಮತ್ತು ಸಮಯದಲ್ಲಿ ಡಿಪಿಪಿಎಚ್‌ಗೆ ಸಾಟಿಯಿಲ್ಲ. ನೇರಳೆ ದ್ರಾವಣಕ್ಕೆ ಸಾರವನ್ನು ಬೆರೆಸಿ, ಸಾಮಾನ್ಯವಾಗಿ 30 ನಿಮಿಷ ಕತ್ತಲಲ್ಲಿಟ್ಟು, ಬಣ್ಣ ಎಷ್ಟರ ಮಟ್ಟಿಗೆ ಹಳದಿಗೆ ತಿರುಗಿತೆಂದು 517 ನ್ಯಾನೋಮೀಟರ್ ತರಂಗಾಂತರದಲ್ಲಿ ಅಳೆದರೆ ಸಾರದ ಉತ್ಕರ್ಷಣ ನಿರೋಧಕ (ಆಂಟಿಆಕ್ಸಿಡೆಂಟ್) ಶಕ್ತಿ ತಿಳಿಯುತ್ತದೆ. ಜೀವಕೋಶ ಪರೀಕ್ಷೆಗೆ ಸೂಕ್ಷ್ಮಾಣುರಹಿತ ವ್ಯವಸ್ಥೆಯೂ ಕೆಲವು ದಿನಗಳೂ ಬೇಕು. ಪ್ರಾಣಿ ಪ್ರಯೋಗ ದುಬಾರಿ. ನೈತಿಕ ಸಮಿತಿಯ ಅನುಮತಿಯೂ ಅಗತ್ಯ.

ವಿಶ್ವಾಸಾರ್ಹತೆಯ ಪ್ರಶ್ನೆ ಇಷ್ಟು ಸರಳವಲ್ಲ. ಡಿಪಿಪಿಎಚ್‌ನಲ್ಲಿ ಜೀವವೇ ಇಲ್ಲ; ಪರೀಕ್ಷಾ ನಳಿಕೆಯಲ್ಲಿ ಮಿಂಚಿದ ಸಾರ ಕರುಳಿನಿಂದ ರಕ್ತಕ್ಕೆ ಸೇರದೆಯೇ ಹೋಗಬಹುದು. ಅರಿಶಿನದ ಕರ್ಕ್ಯುಮಿನ್ ದೇಹದಲ್ಲಿ ಬಹಳ ಕಡಿಮೆ ಹೀರಲ್ಪಡುತ್ತದೆ ಎಂಬುದು ಇದಕ್ಕೆ ಪ್ರಸಿದ್ಧ ನಿದರ್ಶನ. ಎಂಟಿಟಿಯಲ್ಲೂ ಮೋಸವಿದೆ. ಎಂಟಿಟಿ ಎಂಬ ಹಳದಿ ವಸ್ತುವನ್ನು ಬದುಕಿರುವ ಕೋಶಗಳು ಅಪಕರ್ಷಿಸಿ (ಎಲೆಕ್ಟ್ರಾನ್ ನೀಡಿ) ನೇರಳೆಗೆ ತಿರುಗಿಸುತ್ತವೆ; ಆದರೆ ಸಸ್ಯದ ಕೆಲವು ಪಾಲಿಫೀನಾಲ್‌ಗಳು ಅದನ್ನು ತಾವೇ ಅಪಕರ್ಷಿಸುವುದರಿಂದ, ಸತ್ತ ಕೋಶಗಳೂ ಬದುಕಿರುವಂತೆ ತೋರಬಹುದು. ಕೋಶಗಳಿಲ್ಲದ, ಸಾರ ಮಾತ್ರವಿರುವ ನಿಯಂತ್ರಣ ಕುಳಿಯನ್ನು (ಹೋಲಿಕೆಗಾಗಿ ಪರೀಕ್ಷಾ ತಟ್ಟೆಯಲ್ಲಿಡುವ ಗುಳಿ) ಯಾರೂ ಕೈಬಿಡಬಾರದೆಂದು ನಾನು ಒತ್ತಿ ಹೇಳುತ್ತೇನೆ. ಪ್ರಾಣಿ ಪ್ರಯೋಗ ಹೀರಿಕೆ, ಚಯಾಪಚಯ, ವಿಷತ್ವಗಳನ್ನು ಒಟ್ಟಾಗಿ ತೋರಿಸುತ್ತದೆ, ಆದರೂ ಮನುಷ್ಯರ ಮೇಲಿನ ಪರಿಣಾಮಕ್ಕೆ ಅದು ಖಾತರಿಯಲ್ಲ.

ಹತ್ತಾರು ಸಾರಗಳನ್ನು ಜಾಲಾಡಿ ಕೆಲವನ್ನು ಉಳಿಸಿಕೊಳ್ಳುವ ವಿದ್ಯಾರ್ಥಿಗೆ ಡಿಪಿಪಿಎಚ್ ಸಾಕು. ಉಳಿದ ಸಾರ ಕೋಶಗಳಿಗೆ ವಿಷವೇ ಎಂದು ತಿಳಿಯಬೇಕಾದವರು ಜೀವಕೋಶ ಪರೀಕ್ಷೆಗೆ ಹೋಗಬೇಕು. ಸಾರದ ಸಂಯೋಜನೆ ಸ್ಥಿರವಾಗಿದ್ದು, ಪ್ರಮಾಣ ನಿರ್ಧಾರ ಅಗತ್ಯವಾದಾಗ ಮಾತ್ರ ಪ್ರಾಣಿಗಳನ್ನು ಬಳಸುವುದು ಉಚಿತ.