ತಾರಾ ಸಂಸದರ ಲೆಕ್ಕ ನೋಡಲು ಒಂದು ಪುಟ: ಪಿಆರ್‌ಎಸ್‌ನ ‘ಎಂಪಿ ಟ್ರ್ಯಾಕ್’

ಸಿನಿಮಾದವರು ರಾಜಕೀಯಕ್ಕೆ ಬರಬೇಕೋ ಬೇಡವೋ ಎಂಬುದು ನಮ್ಮ ಮಂಡ್ಯ ಕ್ಷೇತ್ರದಲ್ಲಿ ಚರ್ಚಾಸ್ಪರ್ಧೆಗೆ ಕೊಡುವ ವಿಷಯವಷ್ಟೇ ಅಲ್ಲ. ಅಂಬರೀಶ್ ಅವರನ್ನು 1998, 1999 ಮತ್ತು 2004ರಲ್ಲಿ ಸತತ ಮೂರು ಸಲ ಲೋಕಸಭೆಗೆ ಕಳಿಸಿದ ಕ್ಷೇತ್ರ ಇದು. 2013ರ ಉಪಚುನಾವಣೆಯಲ್ಲಿ ರಮ್ಯಾ ಗೆದ್ದರು. 2019ರಲ್ಲಿ ಸುಮಲತಾ ಪಕ್ಷೇತರರಾಗಿ ನಿಂತು 1,25,876 ಮತಗಳ ಅಂತರದಿಂದ ಗೆದ್ದರು. ಎದುರಿಗಿದ್ದ ನಿಖಿಲ್ ಕುಮಾರಸ್ವಾಮಿಯವರೂ ನಟರೇ. ‘ಇವರೆಲ್ಲ ದಿಲ್ಲಿಗೆ ಹೋಗಿ ಏನು ಮಾಡಿದರು?’ ಎಂದು ಯಾರಾದರೂ ಕೇಳಿದರೆ ಉತ್ತರ ಹೆಚ್ಚಾಗಿ ಅಭಿಮಾನದಿಂದ ಬರುತ್ತದೆ, ಇಲ್ಲವೇ ಸಿಟ್ಟಿನಿಂದ. ದಾಖಲೆ ನೋಡಿ ಹೇಳುವವರು ಕಡಿಮೆ. ಆ ದಾಖಲೆಯನ್ನು ಉಚಿತವಾಗಿ ಮುಂದಿಡುವ ಸೇವೆಯೊಂದನ್ನು ನಾನು ತರಗತಿಯಲ್ಲಿ ಬಹಳ ಕಾಲದಿಂದ ಬಳಸುತ್ತಿದ್ದೇನೆ. ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವುದು ನನ್ನ ಕೆಲಸ. ಅಂಬರೀಶ್ ಸಿನಿಮಾ ಬಂದರೆ ಮೊದಲ ದಿನವೇ ನೋಡುತ್ತಿದ್ದವಳು ನಾನು. ಆ ಅಭಿಮಾನವನ್ನು ಮುಚ್ಚಿಟ್ಟುಕೊಂಡು ಇದನ್ನು ಬರೆಯುತ್ತಿಲ್ಲ.

ಸೇವೆಯ ಹೆಸರು ಎಂಪಿ ಟ್ರ್ಯಾಕ್. ನಡೆಸುವವರು ದಿಲ್ಲಿಯ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆಯವರು. 2005ರಲ್ಲಿ ಶುರುವಾದ ಈ ಸಂಸ್ಥೆ ಸಂಸತ್ತಿನ ಮಸೂದೆಗಳನ್ನೂ ಕಲಾಪವನ್ನೂ ಓದಿ ಸಾಮಾನ್ಯರಿಗೆ ತಿಳಿಯುವಂತೆ ಬಿಡಿಸಿಡುತ್ತದೆ. ಎಂಪಿ ಟ್ರ್ಯಾಕ್‌ನಲ್ಲಿ ಪ್ರತಿ ಸಂಸದರಿಗೂ ಒಂದು ಪುಟ. ಅದರಲ್ಲಿ ಮುಖ್ಯವಾಗಿ ನಾಲ್ಕು ಅಂಕಣ: ಹಾಜರಿ, ಭಾಗವಹಿಸಿದ ಚರ್ಚೆಗಳು, ಕೇಳಿದ ಪ್ರಶ್ನೆಗಳು, ಮಂಡಿಸಿದ ಖಾಸಗಿ ಮಸೂದೆಗಳು (ಮಂತ್ರಿಯಲ್ಲದ ಸದಸ್ಯರು ತರುವ ಮಸೂದೆಗಳು). ಪ್ರತಿಯೊಂದರ ಪಕ್ಕದಲ್ಲೂ ದೇಶದ ಸರಾಸರಿ, ರಾಜ್ಯದ ಸರಾಸರಿ. ನನಗೆ ತುಂಬ ಹಿಡಿಸಿದ್ದು ಈ ಸರಾಸರಿಯೇ. ನೂರು ಪ್ರಶ್ನೆ ಎಂದರೆ ಹೆಚ್ಚೋ ಕಡಿಮೆಯೋ ನಮಗೆ ಹೇಗೆ ಗೊತ್ತಾಗಬೇಕು? ಪಕ್ಕದಲ್ಲಿ ಉಳಿದವರದ್ದೂ ಇದ್ದಾಗ ಗೊತ್ತಾಗುತ್ತದೆ. ಇಡೀ ದೇಶ ಗುರುತಿಸುವ ನಟನಿಗೂ ಪಕ್ಕದ ಜಿಲ್ಲೆಯವರೇ ಹೆಸರು ಕೇಳದ ಸಂಸದನಿಗೂ ಅಲ್ಲಿರುವುದು ಅವೇ ನಾಲ್ಕು ಅಂಕಣ. ಕಟೌಟು, ಹಾರ, ಶಿಳ್ಳೆ ಯಾವುದೂ ಆ ಪುಟದೊಳಕ್ಕೆ ಬರುವುದಿಲ್ಲ.

ತರಗತಿಯಲ್ಲಿ ನಾನು ಮೊದಲು ತೆಗೆಸುವುದು ಸಚಿನ್ ತೆಂಡೂಲ್ಕರ್ ಮತ್ತು ರೇಖಾ ಅವರ ದಾಖಲೆ. ಇಬ್ಬರೂ 2012ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡವರು. ಸಂವಿಧಾನದ 80ನೇ ವಿಧಿಯ ಪ್ರಕಾರ ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಯಿಂದ ಆರಿಸುವ 12 ಜನರ ಕೋಟಾ ಅದು. ಆರು ವರ್ಷ ಮುಗಿದಾಗ ಸಚಿನ್ ಹಾಜರಿ ಸುಮಾರು ಶೇ 8, ರೇಖಾ ಅವರದು ಸುಮಾರು ಶೇ 5. ಸಚಿನ್ 22 ಪ್ರಶ್ನೆ ಕೇಳಿದ್ದರು. ರೇಖಾ ಒಂದನ್ನೂ ಕೇಳಲಿಲ್ಲ. “ಮೇಡಂ, ಕಾಲೇಜಲ್ಲಾಗಿದ್ರೆ ಪರೀಕ್ಷೆಗೇ ಕೂರಿಸ್ತಿರ್ಲಿಲ್ಲ” ಎಂದು ಮಕ್ಕಳು ಹೇಳುತ್ತಾರೆ. ಅವರ ಮಾತು ಸರಿಯೇ. ಆದರೆ ಅಲ್ಲಿಗೇ ನಿಲ್ಲಿಸಲು ನಾನು ಬಿಡುವುದಿಲ್ಲ. ಇದೇ ಸಚಿನ್ ತಮ್ಮ ಸಂಬಳ, ಭತ್ಯೆಯ ಸುಮಾರು 90 ಲಕ್ಷ ರೂಪಾಯಿಯನ್ನು ಪ್ರಧಾನಿ ಪರಿಹಾರ ನಿಧಿಗೆ ಕೊಟ್ಟರು. ಆಂಧ್ರದ ನೆಲ್ಲೂರು ಜಿಲ್ಲೆಯ ಪುಟ್ಟಂರಾಜು ಕಂಡ್ರಿಗ ಎಂಬ ಊರನ್ನು ದತ್ತು ತೆಗೆದುಕೊಂಡರು. 2017ರ ಡಿಸೆಂಬರಿನಲ್ಲಿ ಮಕ್ಕಳ ಆಟದ ಹಕ್ಕಿನ ಬಗ್ಗೆ ಮಾತಾಡಲು ಎದ್ದು ನಿಂತರೂ ಸದನದ ಗದ್ದಲದಲ್ಲಿ ಒಂದು ವಾಕ್ಯ ಮುಗಿಸಲಾಗಲಿಲ್ಲ. ಆ ಭಾಷಣವನ್ನು ಆಮೇಲೆ ವಿಡಿಯೊ ಮಾಡಿ ಹಾಕಿದರು. ಸದನದಲ್ಲಿ ಸಾಮಾನ್ಯ ಸದಸ್ಯನೊಬ್ಬ ಮಾತಾಡಿದರೆ ಎಷ್ಟು ಜನ ಕೇಳುತ್ತಾರೋ ಅದರ ಎಷ್ಟೋ ಪಟ್ಟು ಜನ ಅದನ್ನು ಕೇಳಿದರು. ಚರ್ಚೆಯ ಅಂಕಣದಲ್ಲಿ ಮಾತ್ರ ಸೊನ್ನೆ.

ನನ್ನ ಅಸಮಾಧಾನ ಇರುವುದು ಇಲ್ಲೇ. ಖ್ಯಾತರು ಬಾಯಿ ತೆರೆದರೆ ದೇಶವೇ ಕಿವಿಗೊಡುತ್ತದೆ. ಬೇರೆ ಸಂಸದರು ಒಂದು ವಿಷಯವನ್ನು ಪತ್ರಿಕೆಯ ಮೂಲೆಗೆ ತರಲು ವರ್ಷಗಟ್ಟಲೆ ಒದ್ದಾಡುತ್ತಾರೆ. ಇವರಿಗೆ ಒಂದು ದಿನ ಸಾಕು. ಆದ್ದರಿಂದ ಇವರು ಸುಮ್ಮನಿದ್ದರೆ ಆಗುವ ನಷ್ಟವೂ ದೊಡ್ಡದು. ಅದೇ ರಾಜ್ಯಸಭೆಯಲ್ಲಿ 2004ರಿಂದ ಕೂತು, ಎದ್ದು, ವಾದಿಸಿ, ಜಗಳವನ್ನೂ ಆಡಿರುವ ಜಯಾ ಬಚ್ಚನ್ ಅವರ ಪುಟ ತೆಗೆದು ನೋಡಿ. ಅವರೂ ಚಿತ್ರರಂಗದಿಂದಲೇ ಹೋದವರು.

ಹೋಲಿಕೆಗೆ ಇನ್ನೂ ಒಳ್ಳೆಯ ಕ್ಷೇತ್ರವೆಂದರೆ ಪಂಜಾಬಿನ ಗುರುದಾಸಪುರ. ವಿನೋದ್ ಖನ್ನಾ ಅಲ್ಲಿಂದ 1998, 1999, 2004 ಮತ್ತು 2014ರಲ್ಲಿ ಗೆದ್ದರು, ನಡುವೆ 2009ರಲ್ಲಿ ಸೋತರು, ಸೋತ ಮೇಲೂ ಕ್ಷೇತ್ರ ಬಿಡಲಿಲ್ಲ. ಅವರು ಕಟ್ಟಿಸಿದ ಸೇತುವೆಗಳಿಂದಾಗಿ ಜನ ಅವರನ್ನು ಸೇತುವೆಗಳ ಸರದಾರ ಎಂದೇ ಕರೆಯುತ್ತಿದ್ದರು. 2019ರಲ್ಲಿ ಅದೇ ಕ್ಷೇತ್ರದಿಂದ, ಅದೇ ಬಿಜೆಪಿಯಿಂದ ಗೆದ್ದವರು ನಟ ಸನ್ನಿ ಡಿಯೋಲ್. 17ನೇ ಲೋಕಸಭೆಯಲ್ಲಿ ಸದಸ್ಯರ ಸರಾಸರಿ ಹಾಜರಿ ಶೇ 79. ಇವರದು ಶೇ 20ನ್ನೂ ಮುಟ್ಟಲಿಲ್ಲ. ಐದು ವರ್ಷದಲ್ಲಿ ಒಂದು ಚರ್ಚೆಯಲ್ಲೂ ಮಾತಾಡಲಿಲ್ಲ. 2024ರಲ್ಲಿ ಪಕ್ಷ ಅವರಿಗೆ ಟಿಕೆಟ್ ಕೊಡಲಿಲ್ಲ. ಅದೇ ಮತದಾರರು, ಅದೇ ಚಿತ್ರರಂಗ, ಅದೇ ಪಕ್ಷ. ಹೀಗಿರುವಾಗ ‘ನಟರು ಒಳ್ಳೆಯ ರಾಜಕಾರಣಿಗಳಾಗುತ್ತಾರೆಯೇ’ ಎಂಬ ಪ್ರಶ್ನೆಗೆ ಒಂದೇ ಉತ್ತರ ಹೇಗೆ ಸಾಧ್ಯ? ಗೆದ್ದ ಮೇಲೆ ಆ ಕೆಲಸವನ್ನೇ ತನ್ನ ಕೆಲಸ ಎಂದುಕೊಂಡರೇ ಎಂಬುದನ್ನು ಒಬ್ಬೊಬ್ಬರಿಗೂ ಬೇರೆಬೇರೆಯಾಗಿಯೇ ಕೇಳಬೇಕು. ಹಾಗೆ ಕೇಳುವುದಕ್ಕೆ ಈ ಪುಟ ನಿಜಕ್ಕೂ ಸಹಾಯ ಮಾಡುತ್ತದೆ.

ಆದರೆ ಶೇಕಡಾವಾರು ಹಾಜರಿಯನ್ನೇ ಹಿಡಿದು ಕೂರಬೇಡಿ. ಹಾಜರಿ ಎಂದರೆ ಆ ದಿನ ಸಹಿ ಬಿದ್ದಿದೆ ಎಂದಷ್ಟೇ ಅರ್ಥ. ಸಹಿ ಹಾಕಿ ಹೊರಟವರೂ ಸಂಜೆಯವರೆಗೆ ಕೂತವರೂ ಅಲ್ಲಿ ಒಂದೇ. ನನ್ನ ಪ್ರಕಾರ ಹೆಚ್ಚು ಹೇಳುವುದು ಪ್ರಶ್ನೆಗಳ ಅಂಕಣ, ಅದರಲ್ಲೂ ಸಂಖ್ಯೆಗಿಂತ ಆ ಪ್ರಶ್ನೆಗಳ ಪಠ್ಯ. ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12ರವರೆಗೆ ಪ್ರಶ್ನೋತ್ತರ ವೇಳೆ. ಒಂದು ದಿನಕ್ಕೆ ಪಟ್ಟಿಯಾಗುವ ಚುಕ್ಕೆ ಗುರುತಿನ ಪ್ರಶ್ನೆಗಳು 20. ಇವಕ್ಕೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಮೇಲೆ ಉಪಪ್ರಶ್ನೆಗಳನ್ನೂ ಎದುರಿಸಬೇಕು. ಚುಕ್ಕೆ ಗುರುತಿಲ್ಲದ 230 ಪ್ರಶ್ನೆಗಳಿಗೆ ಲಿಖಿತ ಉತ್ತರ ಬರುತ್ತದೆ. ಪ್ರಶ್ನೆಗೆ ಕನಿಷ್ಠ 15 ದಿನ ಮೊದಲೇ ಸೂಚನೆ ಕೊಡಬೇಕು. ಅಂದರೆ ಆ ಸಂಸದರ ಕಚೇರಿಯಲ್ಲಿ ಯಾರೋ ಒಬ್ಬರು ಕ್ಷೇತ್ರದ ಸಮಸ್ಯೆಯನ್ನು ಮುಂಚೆಯೇ ಯೋಚಿಸಿ, ಯಾವ ಇಲಾಖೆಗೆ ಸೇರುತ್ತದೆಂದು ತಿಳಿದು, ಬರೆದಿರಬೇಕು. ಸಂಸದರ ಪುಟದಲ್ಲಿ ಪ್ರಶ್ನೆಗಳ ಶೀರ್ಷಿಕೆ ಸಿಗುತ್ತದೆ. ಉತ್ತರ ಬೇಕಾದರೆ ಸಂಸತ್ತಿನ ಅಧಿಕೃತ ಜಾಲತಾಣದಲ್ಲಿ ಹುಡುಕಬಹುದು. ನಮ್ಮ ಮಕ್ಕಳಿಗೆ ನಾನು ಹೇಳುವುದು ಇಷ್ಟೇ: ಸಂಸದರ ಪಟ್ಟಿಯಲ್ಲಿ ಯಾವುದಾದರೂ ಹತ್ತು ಪ್ರಶ್ನೆ ತೆಗೆಯಿರಿ, ಅದರಲ್ಲಿ ತಮ್ಮ ಕ್ಷೇತ್ರದ ಕಬ್ಬು, ಕಾಲುವೆ, ರೈಲು, ಆಸ್ಪತ್ರೆ ಎಷ್ಟಿವೆ, ಯಾರು ಬೇಕಾದರೂ ಕೇಳಬಹುದಾದಂಥವು ಎಷ್ಟಿವೆ ನೋಡಿ. ಹೀಗೆ ಓದಿದ ಹುಡುಗ ಹುಡುಗಿಯರು ಆಮೇಲೆ ಯಾವ ನಟನ ಬಗ್ಗೆ ಮಾತಾಡಿದರೂ ಸಿನಿಮಾದ ಮಾತು ಎತ್ತುವುದಿಲ್ಲ. ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ, ಕಂಡು ಸಂತೋಷಪಟ್ಟಿದ್ದೇನೆ.

ಖಾಸಗಿ ಮಸೂದೆಗಳ ಅಂಕಣಕ್ಕೆ ಹೆಚ್ಚು ತೂಕ ಕೊಡಬೇಕಾಗಿಲ್ಲ. ಸ್ವಾತಂತ್ರ್ಯಾನಂತರ ಕಾನೂನಾದ ಖಾಸಗಿ ಮಸೂದೆಗಳು 14 ಮಾತ್ರ, ಕೊನೆಯದು 1970ರಲ್ಲಿ.

ಈ ಪುಟವನ್ನು ತಪ್ಪಾಗಿ ಓದುವ ಅಪಾಯವೂ ಇದೆ. ಮಂತ್ರಿಗಳು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ. ಸರ್ಕಾರದ ಪರವಾಗಿ ಉತ್ತರ ಕೊಡುವವರಾದ್ದರಿಂದ ಪ್ರಶ್ನೆಯನ್ನೂ ಕೇಳುವುದಿಲ್ಲ. ಮಂಡ್ಯದ ಈಗಿನ ಸಂಸದ ಎಚ್.ಡಿ. ಕುಮಾರಸ್ವಾಮಿ, ರಾಜಕೀಯಕ್ಕೆ ಬರುವ ಮುಂಚೆ ಚಿತ್ರ ನಿರ್ಮಾಪಕರಾಗಿದ್ದವರು, 2024ರಿಂದ ಕೇಂದ್ರದ ಬೃಹತ್ ಕೈಗಾರಿಕೆ ಮತ್ತು ಉಕ್ಕು ಸಚಿವರು. ತ್ರಿಶೂರಿನಿಂದ ಗೆದ್ದ ನಟ ಸುರೇಶ್ ಗೋಪಿ ಕೇಂದ್ರದ ರಾಜ್ಯ ಸಚಿವರು. ಇಂಥವರ ಪುಟದಲ್ಲಿ ಅಂಕಿ ಕಾಣದಿದ್ದರೆ ಅದನ್ನು ಗೈರುಹಾಜರಿ ಎಂದು ಓದಬಾರದು. ಹಾಗೆಯೇ ರಮ್ಯಾ. 2013ರ ಆಗಸ್ಟಿನಿಂದ 2014ರ ಮೇ ತಿಂಗಳವರೆಗೆ ಅವರಿಗೆ ಸಿಕ್ಕಿದ್ದು ವರ್ಷವೂ ತುಂಬದ ಅವಧಿ, ಅದೂ ಒಂದು ಲೋಕಸಭೆಯ ಕೊನೆಯ ಭಾಗ. ಐದು ವರ್ಷ ಪೂರೈಸಿದವರ ಪ್ರಶ್ನೆಗಳ ಸಂಖ್ಯೆಯ ಪಕ್ಕ ಅವರದನ್ನಿಟ್ಟು ತೂಗಿದರೆ ಅನ್ಯಾಯ.

ಇನ್ನು ಯಾವ ಅಂಕಣಕ್ಕೂ ಸಿಗದ ಕೆಲಸಗಳಿವೆ. 2007ರ ಫೆಬ್ರುವರಿ 5ರಂದು ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂತು: ತಮಿಳುನಾಡಿಗೆ 419 ಟಿಎಂಸಿ, ಕರ್ನಾಟಕಕ್ಕೆ 270. ಆಗ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ರಾಜ್ಯ ಸಚಿವರಾಗಿದ್ದ ಅಂಬರೀಶ್, ತೀರ್ಪನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಕುರ್ಚಿಗೆ ಬಂದು ಕೆಲವೇ ತಿಂಗಳಾಗಿತ್ತು. ಆ ರಾಜೀನಾಮೆಯಿಂದ ನಾಲೆಗೆ ಒಂದು ಹನಿ ನೀರು ಹೆಚ್ಚು ಬರಲಿಲ್ಲ ಎನ್ನುವವರಿದ್ದಾರೆ. ಆದರೂ ಆ ಹೊತ್ತಿನಲ್ಲಿ ನಮ್ಮ ಪರ ಒಬ್ಬರು ಕುರ್ಚಿ ಬಿಟ್ಟರು ಎಂಬುದು ಇಲ್ಲಿಯ ರೈತರ ಮನಸ್ಸಿನಲ್ಲಿ ಉಳಿದಿದೆ. ನನ್ನ ಮನಸ್ಸಿನಲ್ಲೂ. ಅಂಥದೇ ಇನ್ನೊಬ್ಬರು ಸುನಿಲ್ ದತ್. 1987ರಲ್ಲಿ ಪಂಜಾಬ್ ಉರಿಯುತ್ತಿದ್ದಾಗ ಶಾಂತಿಗಾಗಿ ಮುಂಬೈನಿಂದ ಅಮೃತಸರದವರೆಗೆ ನಡೆದೇ ಹೋದರು. ಅವರು ಐದು ಸಲ ಸಂಸದರಾದದ್ದು ಬರೀ ಮುಖಪರಿಚಯದಿಂದ ಅಲ್ಲ. ನೆರೆಯ ರಾಜ್ಯದ ಎಂಜಿಆರ್ ಅವರನ್ನೂ ಇಂಥ ಪಟ್ಟಿಯಲ್ಲಿ ಅಳೆಯಲಾಗದು. 1977ರಲ್ಲಿ ಮುಖ್ಯಮಂತ್ರಿಯಾಗುವ ಹೊತ್ತಿಗೆ ಪಕ್ಷದ ಕೆಲಸದಲ್ಲಿ ಎರಡು ದಶಕ ಕಳೆದಿದ್ದರು. 1982ರಲ್ಲಿ ಅವರು ವಿಸ್ತರಿಸಿದ ಮಧ್ಯಾಹ್ನದ ಊಟದ ಯೋಜನೆ ಲಕ್ಷಾಂತರ ಮಕ್ಕಳ ಹೊಟ್ಟೆ ತುಂಬಿಸಿತು. ನಟರ ಪರವಾಗಿ ಮಾತಾಡುವವರು ಎಂಜಿಆರ್ ಹೆಸರು ಎತ್ತಿದಾಗಲೆಲ್ಲ ಆ ಎರಡು ದಶಕದ ಮಾತನ್ನೂ ಜೊತೆಗೆ ಹೇಳಬೇಕು ಎಂದು ನನ್ನ ಆಗ್ರಹ.

ಎಂಪಿ ಟ್ರ್ಯಾಕ್ ಜೊತೆಗೆ ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್) ಸಂಸ್ಥೆಯ ಮೈನೇತಾ ಜಾಲತಾಣವನ್ನೂ ತೆರೆದಿಟ್ಟುಕೊಳ್ಳಿ. ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣ, ವಿದ್ಯಾಭ್ಯಾಸದ ಬಗ್ಗೆ ಅಭ್ಯರ್ಥಿಗಳು ಸಲ್ಲಿಸಿದ ಪ್ರಮಾಣಪತ್ರಗಳ (ಅಫಿಡವಿಟ್) ಸಾರ ಅಲ್ಲಿರುತ್ತದೆ. 2002ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಬಲದಿಂದ ನಮಗೆ ಸಿಕ್ಕಿದ ಹಕ್ಕು ಅದು. ಮೊದಲ ಸಲ ನಿಲ್ಲುವ ನಟರಿಗೆ ಸಂಸತ್ತಿನ ದಾಖಲೆ ಇರುವುದಿಲ್ಲವಲ್ಲ, ಅವರ ವಿಷಯದಲ್ಲಿ ಕೈಗೆ ಸಿಗುವುದು ಇದೊಂದೇ.

ನನಗೆ ಕೊರತೆ ಎನಿಸುವ ಎರಡು ಸಂಗತಿ ಇವೆ. ಒಂದು ಭಾಷೆ. ಎಂಪಿ ಟ್ರ್ಯಾಕ್ ಇಂಗ್ಲಿಷಿನಲ್ಲಿದೆ. ನಾಲ್ಕು ಅಂಕಣದ ಹೆಸರು ಒಮ್ಮೆ ತಿಳಿದರೆ ಸಂಖ್ಯೆ ಓದಲು ತೊಂದರೆಯಿಲ್ಲ, ಆದರೆ ಪ್ರಶ್ನೆಗಳ ಶೀರ್ಷಿಕೆ ಓದುವಾಗ ಹಳ್ಳಿಯಿಂದ ಬರುವ ನಮ್ಮ ಮಕ್ಕಳು ತಡವರಿಸುತ್ತಾರೆ. ಕನ್ನಡದಲ್ಲಿ ಇಂಥದೊಂದು ಪುಟ ಬರಲೇಬೇಕು. ಇನ್ನೊಂದು ವಿಧಾನಸಭೆ. ನಮ್ಮ ಚಿತ್ರರಂಗ, ರಂಗಭೂಮಿಯಿಂದ ಹೋದ ಬಹಳಷ್ಟು ಜನ ಕೆಲಸ ಮಾಡಿದ್ದು ಬೆಂಗಳೂರಿನಲ್ಲೇ ಹೊರತು ದಿಲ್ಲಿಯಲ್ಲಲ್ಲ. 1985ರಲ್ಲಿ ಗೌರಿಬಿದನೂರಿನಿಂದ ಗೆದ್ದ ಮುಖ್ಯಮಂತ್ರಿ ಚಂದ್ರು, 1994ರಲ್ಲಿ ಮಲ್ಲೇಶ್ವರದಿಂದ ಗೆದ್ದು ಜೆ.ಎಚ್. ಪಟೇಲರ ಸಂಪುಟ ಸೇರಿದ ಅನಂತನಾಗ್, 2013ರಲ್ಲಿ ತೇರದಾಳದಿಂದ ಗೆದ್ದು ಮಂತ್ರಿಯಾದ ಉಮಾಶ್ರೀ, ಹಿರೇಕೆರೂರಿನ ಬಿ.ಸಿ. ಪಾಟೀಲ್. ಇವರು ಸದನದಲ್ಲಿ ಏನು ಮಾತಾಡಿದರು ಎಂದು ತಿಳಿಯಬೇಕಾದರೆ ಕಲಾಪದ ವರದಿಗಳ ರಾಶಿಯನ್ನೇ ಓದಬೇಕು. ಓದಲು ಕೂತವರಿಗೆ ಅದು ಒಳ್ಳೆಯ ಓದೇ. ಮತ ಹಾಕುವ ಮುನ್ನ ಹತ್ತು ನಿಮಿಷ ಬಿಡುವಿರುವವರಿಗೆ ಮಾತ್ರ ಆಗದ ಮಾತು.

ಸದ್ಯಕ್ಕೆ ನಾವು ಮಾಡಿಕೊಂಡಿರುವ ದಾರಿ ಇದು. ಎಂಪಿ ಟ್ರ್ಯಾಕ್‌ನ ಮಾಹಿತಿಯನ್ನು ಎಕ್ಸೆಲ್ ಕಡತವಾಗಿ ಇಳಿಸಿಕೊಳ್ಳಬಹುದು. ಕರ್ನಾಟಕದ 28 ಕ್ಷೇತ್ರಗಳನ್ನು ಅದರಲ್ಲಿ ಬೇರೆ ಮಾಡಿ, ಅಂಕಣಗಳ ಹೆಸರನ್ನು ಕನ್ನಡದಲ್ಲಿ ಬರೆದು, ಪ್ರತಿ ಅಧಿವೇಶನ ಮುಗಿದ ಮೇಲೆ ವಿದ್ಯಾರ್ಥಿಗಳೇ ಕಾಲೇಜಿನ ಸೂಚನಾ ಫಲಕಕ್ಕೆ ಅಂಟಿಸುತ್ತಾರೆ. ಮಂತ್ರಿಗಳ ಹೆಸರಿನ ಮುಂದೆ ‘ಸಹಿ ಹಾಕುವ ನಿಯಮವಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆಯುವುದನ್ನು ಮರೆಯುವುದಿಲ್ಲ. ಬೇರೆ ಕಾಲೇಜಿನವರು ಯಾರಾದರೂ ಇದನ್ನು ಮಾಡುವುದಾದರೆ ನಮ್ಮ ಪಟ್ಟಿಯ ಮಾದರಿಯನ್ನು ಹಾಗೆಯೇ ಎತ್ತಿಕೊಳ್ಳಬಹುದು.