ವೈದ್ಯರ ಸಹಿ, ಯಂತ್ರದ ತೀರ್ಪು: ಮಚ್ಚೆಯ ಫೋಟೊ ಆ್ಯಪ್‌ಗೆ ಕಳಿಸುವ ಮುನ್ನ ದಯವಿಟ್ಟು ಓದಿ

ಚರ್ಮದ ಮೇಲಿನ ಮಚ್ಚೆಯ ಫೋಟೊ ಕಳಿಸಿದರೆ ತಜ್ಞ ವೈದ್ಯರೇ ನೋಡಿ ವರದಿ ಕೊಡುತ್ತಾರೆ ಎಂದು ಭರವಸೆ ನೀಡುವ ಒಂದು ಆನ್‌ಲೈನ್ ಸೇವೆಗೆ ನಾವು ಹಣ ಕಟ್ಟಿದೆವು. ವರದಿ ಬಂದಿತು. ಅದರ ಕೆಳಗೆ ವೈದ್ಯರ ಹೆಸರು, ನೋಂದಣಿ ಸಂಖ್ಯೆ, ಸಹಿ ಎಲ್ಲವೂ ಇದ್ದವು. ಆದರೆ ಆ ವೈದ್ಯರು ನನ್ನ ಅಮ್ಮನ ಫೋಟೊವನ್ನು ನೋಡಿಯೇ ಇರಲಿಲ್ಲ. ನೋಡಿದ್ದು, ಬರೆದದ್ದು, ಸಹಿ ಹಾಕಿದ್ದು ಎಲ್ಲವೂ ಒಂದು ಎಐ ತಂತ್ರಾಂಶ. ವೈದ್ಯಕೀಯ ಪರಿಷತ್ತಿಗೆ ನಾವು ಕೊಟ್ಟ ದೂರಿನ ವಿಚಾರಣೆ ಇನ್ನೂ ಮುಗಿದಿಲ್ಲವಾದ್ದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೆಸರಿಗಿಂತ ಅವರು ಮಾಡಿದ ರೀತಿಯೇ ನಿಮಗೆ ತಿಳಿಯಬೇಕಾದದ್ದು, ಏಕೆಂದರೆ ಇದೇ ರೀತಿಯನ್ನು ಬೇರೆಯವರೂ ಅನುಸರಿಸಬಹುದು.

ಅಮ್ಮನ ಅಂಗಾಲಿನಲ್ಲಿ, ಹಿಮ್ಮಡಿಯ ಪಕ್ಕದಲ್ಲಿ, ಒಂದು ಕಪ್ಪು ಮಚ್ಚೆ ಹರಡುತ್ತಾ ಬಂದಿತ್ತು. ಒಂದು ಅಂಚು ತಿಳಿಯಾಗಿ, ಇನ್ನೊಂದು ಅಂಚು ದಟ್ಟವಾಗಿ ಕಾಣುತ್ತಿತ್ತು. ಚರ್ಮರೋಗ ತಜ್ಞರ ಭೇಟಿಗೆ ಬಹಳ ಕಾಯಬೇಕಾಗಿದ್ದರಿಂದ ಆ್ಯಪ್‌ನ ಮೊರೆ ಹೋದೆವು. ಇಂಥ ಸೇವೆಗಳು ಹೇಗೆ ನಡೆಯುತ್ತವೆ ಎಂಬುದು ನಿಮಗೆ ಗೊತ್ತೇ ಇದೆ: ಫೋಟೊ ಹಾಕುವುದು, ಕೆಲವು ಪ್ರಶ್ನೆಗಳಿಗೆ ಉತ್ತರಿಸುವುದು, ಶುಲ್ಕ ಕಟ್ಟುವುದು, ಕಾಯುವುದು. "ನಿರಪಾಯಕಾರಿ ಮಚ್ಚೆ, ಖಚಿತತೆ ಶೇ. 96, ಚಿಕಿತ್ಸೆಯ ಅಗತ್ಯವಿಲ್ಲ" ಎಂದು ವರದಿ ಹೇಳಿತು. ಆಗಲೂ ನನಗೆ ಸಮಾಧಾನವಾಗದೆ ಅವರ ಚಾಟ್‌ನಲ್ಲಿ ನೇರವಾಗಿಯೇ ಕೇಳಿದೆ: "ಡಾಕ್ಟರೇ, ಫೋಟೊಗಳನ್ನು ನೀವೇ ನೋಡಿದಿರಾ? ಅಂಗಾಲಿನ ಮಚ್ಚೆಯನ್ನು ಕಡೆಗಣಿಸಬಾರದು ಎಂದು ಕೇಳಿದ್ದೇವೆ." ಕೂಡಲೇ ಉತ್ತರ ಬಂದಿತು: "ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಚಿತ್ರಗಳನ್ನು ನಾನು ಎಚ್ಚರಿಕೆಯಿಂದ ಪರಿಶೀಲಿಸಿದ್ದೇನೆ. ನಿಶ್ಚಿಂತೆಯಿಂದಿರಿ."

ಈ "ನಾನು" ಎಂಬುದನ್ನು ನೆನಪಿನಲ್ಲಿಡಿ. ಅದನ್ನು ನಾನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಡಾಕ್ಟರೇ ನೋಡಿದ್ದಾರಂತೆ, ಇನ್ನು ಚಿಂತೆ ಬೇಡ ಎಂದು ಬಂಧುಗಳಿಗೆಲ್ಲ ಫೋನ್ ಮಾಡಿಯೂ ಹೇಳಿದೆ. ಈಗ ಅವರೆಲ್ಲರ ಮುಖ ನೋಡಲು ನನಗೆ ನಾಚಿಕೆಯಾಗುತ್ತದೆ.

ಮಚ್ಚೆ ಹರಡುವುದು ನಿಲ್ಲಲಿಲ್ಲ. ತಂಗಿ ಹಟ ಹಿಡಿದು ಅಮ್ಮನನ್ನು ಚರ್ಮರೋಗ ತಜ್ಞೆಯೊಬ್ಬರ ಬಳಿಗೆ ಕರೆದುಕೊಂಡು ಹೋದಳು. ಅವರು ಡರ್ಮೋಸ್ಕೋಪ್ (ಚರ್ಮವನ್ನು ಹಿಗ್ಗಿಸಿ ತೋರಿಸುವ ಬೆಳಕಿನ ಮಸೂರ) ಇಟ್ಟು ನೋಡಿ ನಮಗೂ ತೋರಿಸಿದರು. ಬೆರಳ ತುದಿಯಲ್ಲಿರುವಂತೆಯೇ ಅಂಗಾಲಿನ ಚರ್ಮದಲ್ಲಿಯೂ ಸಣ್ಣ ಏಣುಗಳೂ ಅವುಗಳ ನಡುವೆ ತೋಡುಗಳೂ ಇರುತ್ತವೆ. ಕಪ್ಪು ಬಣ್ಣ ತೋಡುಗಳಲ್ಲಿ ನಿಂತಿದ್ದರೆ ಸಾಮಾನ್ಯವಾಗಿ ಭಯವಿಲ್ಲ, ಏಣುಗಳ ಮೇಲೆ ಪಟ್ಟೆಪಟ್ಟೆಯಾಗಿ ಹರಡಿದ್ದರೆ ಸಂಶಯ ಪಡಬೇಕು. ಅಮ್ಮನದು ಏಣುಗಳ ಮೇಲಿತ್ತು. ಮೊಬೈಲ್‌ನಲ್ಲಿ ತೆಗೆದ ನಮ್ಮ ಫೋಟೊದಲ್ಲಿ ಈ ಸೂಕ್ಷ್ಮ ಕಾಣುತ್ತಲೇ ಇರಲಿಲ್ಲ. ಬಯಾಪ್ಸಿಯಲ್ಲಿ ಮೆಲನೋಮಾ, ಅಂದರೆ ಅಪಾಯಕಾರಿಯಾದ ಒಂದು ಬಗೆಯ ಚರ್ಮದ ಕ್ಯಾನ್ಸರ್ ಎಂದು ಬಂದಿತು. ಇನ್ನೂ ಮೇಲ್ಪದರದಲ್ಲಿಯೇ ಇದ್ದುದರಿಂದ ಶಸ್ತ್ರಚಿಕಿತ್ಸೆಯಿಂದ ತೆಗೆದುಹಾಕಿದ್ದಾರೆ. ಅಮ್ಮ ಈಗ ಚೇತರಿಸಿಕೊಳ್ಳುತ್ತಿದ್ದಾರೆ.

ವರದಿಯಲ್ಲಿದ್ದ ನೋಂದಣಿ ಸಂಖ್ಯೆಯ ಆಧಾರದ ಮೇಲೆ ಸಹಿ ಹಾಕಿದ್ದ ವೈದ್ಯರನ್ನು ಹುಡುಕಿ ಫೋನ್ ಮಾಡಿದೆ. ಅವರು ನಿಜವಾಗಿಯೂ ಇರುವ ವ್ಯಕ್ತಿ, ನಿಜವಾಗಿಯೂ ಚರ್ಮರೋಗ ತಜ್ಞರು. "ನಿಮ್ಮ ತಾಯಿಯವರ ಫೋಟೊ ನನ್ನ ಮುಂದೆ ಬಂದೇ ಇಲ್ಲ. ತಂತ್ರಾಂಶವು ಸಂಶಯವಿದೆ ಎಂದು ಗುರುತಿಸಿದವುಗಳನ್ನು ಮಾತ್ರ ನನಗೆ ಕಳಿಸುತ್ತಾರೆ" ಎಂದರು. ಹಾಗಾದರೆ ಸಹಿ ಎಂದು ಕೇಳಿದೆ. "ಅದು ತಾನಾಗಿಯೇ ಬೀಳುತ್ತದೆ" ಎಂದರು. ಚಾಟ್‌ನಲ್ಲಿ ನೀವೇ ಪರಿಶೀಲಿಸಿದ್ದೇನೆ ಎಂದು ಬರೆದಿದ್ದೀರಲ್ಲ ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಯಾವ ರೋಗಿಯೊಂದಿಗೂ ಚಾಟ್ ಮಾಡುವುದಿಲ್ಲ" ಎಂದರು.

ಸಹಿ ತಾನಾಗಿಯೇ ಬೀಳುತ್ತದೆ! ಒಂದು ಯಂತ್ರ ತಪ್ಪು ಮಾಡಿತು ಎಂಬುದು ನನ್ನ ದೂರಲ್ಲ. ವೈದ್ಯರೂ ತಪ್ಪು ಮಾಡುತ್ತಾರೆ. ಯಾರೂ ನೋಡದಿರುವಾಗ ನೋಡಿದ್ದೇವೆ ಎಂದು ಹೇಳಿದ್ದು ನನ್ನ ದೂರು. ನೇರವಾಗಿ ಕೇಳಿದಾಗಲೂ, ಒಬ್ಬ ಮನುಷ್ಯನ ಹೆಸರಿನಲ್ಲಿ, "ನಾನು" ಎಂದೇ ಸುಳ್ಳು ಹೇಳಿದ್ದು ನನ್ನ ದೂರು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆರೋಗ್ಯ ಕ್ಷೇತ್ರದ ಎಐ ಕುರಿತು ಹೊರತಂದ ಮಾರ್ಗದರ್ಶಿಯ 6 ತತ್ವಗಳಲ್ಲಿ ಪಾರದರ್ಶಕತೆಯೂ ಹೊಣೆಗಾರಿಕೆಯೂ ಸೇರಿವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಯಲ್ಲಿರುವ ಕಾನೂನಿನಂತೆ, ರೋಗಿಯ ಆರೋಗ್ಯದ ಕುರಿತು ಆಸ್ಪತ್ರೆ ಅಥವಾ ಕ್ಲಿನಿಕ್ ಕಳಿಸುವ ಸಂದೇಶವನ್ನು ಜನರೇಟಿವ್ ಎಐ (ತಾನೇ ಬರಹವನ್ನು ರಚಿಸುವ ಎಐ) ಬರೆದಿದ್ದು, ಪರವಾನಗಿ ಪಡೆದ ವೈದ್ಯಕೀಯ ವೃತ್ತಿಪರರು ಅದನ್ನು ಓದಿ ಪರಿಶೀಲಿಸಿರದಿದ್ದರೆ, ಅದು ಎಐ ಬರೆದದ್ದು ಎಂದು ರೋಗಿಗೆ ತಿಳಿಸಲೇಬೇಕು. ನಮಗೆ ಬೇಕಾಗಿದ್ದುದು ಅಷ್ಟೇ. ಅಷ್ಟು ತಿಳಿದಿದ್ದರೆ ಅಂದೇ ಬೇರೆ ವೈದ್ಯರ ಬಳಿಗೆ ಹೋಗುತ್ತಿದ್ದೆವು.

ಇನ್ನು ಸಂಸ್ಥೆಯವರು ಕೊಟ್ಟ ಉತ್ತರಗಳನ್ನು ಕೇಳಿ. ಮೊದಲು, ವರದಿಯ ಕೊನೆಯ ಪುಟದ ಅಡಿಯಲ್ಲಿ "ಇದು ಮಾಹಿತಿಗಾಗಿ ಮಾತ್ರ" ಎಂಬ ಸಾಲಿದೆ ಎಂದರು. ಮೊದಲ ಪುಟದಲ್ಲಿ ದಪ್ಪ ಅಕ್ಷರಗಳಲ್ಲಿ "ತಜ್ಞರಿಂದ ಪರಿಶೀಲಿತ" ಎಂದು ಏಕೆ ಬರೆದಿದ್ದೀರಿ ಎಂದು ಕೇಳಿದ್ದಕ್ಕೆ ಉತ್ತರವಿಲ್ಲ. ಬಳಿಕ, ತಮ್ಮ ತಂತ್ರಾಂಶದ ನಿಖರತೆ ತಜ್ಞ ವೈದ್ಯರಿಗೆ ಸಮನಾದದ್ದು ಎಂದರು. ಯಾರ ಚರ್ಮದ ಮೇಲೆ, ದೇಹದ ಯಾವ ಭಾಗದ ಮಚ್ಚೆಗಳ ಮೇಲೆ ಅದನ್ನು ಪರೀಕ್ಷಿಸಿದ್ದೀರಿ ಎಂದು ಕೇಳಿದೆ. ಅದು ವ್ಯಾಪಾರದ ಗುಟ್ಟು ಎಂದರು.

ಇದು ಗುಟ್ಟಾಗಿರಬೇಕಾದ ವಿಷಯವಲ್ಲ. ಚರ್ಮದ ಕ್ಯಾನ್ಸರ್ ಗುರುತಿಸಲು ಎಐಗೆ ಕಲಿಸುವುದಕ್ಕಾಗಿ ಮುಕ್ತವಾಗಿ ಲಭ್ಯವಿರುವ 21 ಚಿತ್ರಸಂಗ್ರಹಗಳನ್ನು ಸಂಶೋಧಕರು ಪರಿಶೀಲಿಸಿ ಲ್ಯಾನ್ಸೆಟ್ ಡಿಜಿಟಲ್ ಹೆಲ್ತ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಒಟ್ಟು 1,06,950 ಚಿತ್ರಗಳಲ್ಲಿ ಚರ್ಮದ ಬಣ್ಣದ ವಿಧ ದಾಖಲಾಗಿದ್ದುದು 2,436 ಚಿತ್ರಗಳಿಗೆ ಮಾತ್ರ. ಅವುಗಳಲ್ಲಿ ಕಂದು ಚರ್ಮದವು 10, ಕಡುಕಂದು ಅಥವಾ ಕಪ್ಪು ಚರ್ಮದ್ದು 1. ಕಪ್ಪು, ಕಂದು ಚರ್ಮದವರಲ್ಲಿ ಮೆಲನೋಮಾ ಅಪರೂಪವಾದರೂ, ಬಂದಾಗ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿಯೇ ಕಾಣಿಸಿಕೊಳ್ಳುತ್ತದೆ. ಗಾಯಕ ಬಾಬ್ ಮಾರ್ಲಿ 1981ರಲ್ಲಿ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನಡಿ ಆರಂಭವಾದ ಇಂಥದ್ದೇ ಮೆಲನೋಮಾದಿಂದ. ಇಂಥ ಚಿತ್ರಗಳನ್ನು ಸಾಕಷ್ಟು ನೋಡದ ತಂತ್ರಾಂಶ, ತನಗೆ ತಿಳಿಯದು ಎಂದು ಹೇಳುವುದಿಲ್ಲ. ತನಗೆ ಗೊತ್ತಿರುವ ವರ್ಗಗಳಲ್ಲಿಯೇ ಒಂದನ್ನು ಆರಿಸಿ ಅದರ ಪಕ್ಕದಲ್ಲಿ ಒಂದು ಅಂಕಿಯನ್ನು ಬರೆಯುತ್ತದೆ. ಆ ಶೇ. 96 ಎಂಬುದು ಅಮ್ಮನಿಗೆ ಕ್ಯಾನ್ಸರ್ ಇಲ್ಲದಿರುವ ಸಾಧ್ಯತೆಯಾಗಿರಲಿಲ್ಲ. ಅದು ತಂತ್ರಾಂಶ ತನಗೆ ತಾನೇ ಕೊಟ್ಟುಕೊಂಡ ಅಂಕ. ನಮಗೆ ಇದನ್ನು ಯಾರೂ ಹೇಳಲಿಲ್ಲ.

ಮೂರನೆಯ ಉತ್ತರವನ್ನು ಓದಿದಾಗ ನನ್ನ ಕೈ ನಡುಗಿತು. "ತಮ್ಮ ತಾಯಿಯವರಿಗೆ ಸಕಾಲದಲ್ಲಿ ಚಿಕಿತ್ಸೆ ದೊರೆತಿರುವುದರಿಂದ ಯಾವುದೇ ಹಾನಿ ಸಂಭವಿಸಿರುವುದಿಲ್ಲ." ಸಕಾಲದಲ್ಲಿ ಚಿಕಿತ್ಸೆ ಕೊಡಿಸಿದ್ದು ನನ್ನ ತಂಗಿಯ ಹಟ. ಇವರ ಮಾತನ್ನು ನಂಬಿ ಕುಳಿತಿದ್ದರೆ ಆ ಮಚ್ಚೆ ಒಳಪದರಕ್ಕೆ ಇಳಿಯುತ್ತಿತ್ತೇನೋ. ಅದೇ ಪತ್ರದ ಮುಂದಿನ ಸಾಲು ಹೀಗಿತ್ತು: "ನಮ್ಮ ವ್ಯವಸ್ಥೆ ನಿರಂತರವಾಗಿ ಕಲಿಯುತ್ತಿದ್ದು, ತಮ್ಮ ಪ್ರಕರಣವು ಅದನ್ನು ಇನ್ನಷ್ಟು ಉತ್ತಮಗೊಳಿಸಲು ನೆರವಾಗಲಿದೆ." ಅಮ್ಮನ ಕಾಲನ್ನು ಪಾಠಕ್ಕೆ ಬಳಸಿಕೊಳ್ಳಲು ಇವರಿಗೆ ಅನುಮತಿ ಕೊಟ್ಟವರು ಯಾರು? ಚಿತ್ರಗಳನ್ನು ಅಳಿಸಿಹಾಕಿ ಎಂದು ಬರೆದೆ. ಹೆಸರು ತೆಗೆದು ತರಬೇತಿಗೆ ಬಳಸಿಯಾಗಿದೆ, ಇನ್ನು ಹಿಂದಕ್ಕೆ ತೆಗೆಯಲಾಗದು ಎಂದರು. ಕೊನೆಗೆ, ಎಲ್ಲಿಯೂ ಈ ಬಗ್ಗೆ ಬರೆಯುವುದಿಲ್ಲ ಎಂದು ಒಪ್ಪಿಕೊಂಡರೆ ಶುಲ್ಕವನ್ನು ಮರಳಿಸುವುದಾಗಿ ತಿಳಿಸಿದರು. ಒಪ್ಪಲಿಲ್ಲ. ಆದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಇನ್ನು ಮುಂದೆ ಪ್ರತಿ ವರದಿಯನ್ನೂ ವೈದ್ಯರು ಅಂತಿಮವಾಗಿ ನೋಡುತ್ತಾರೆ ಎಂದೂ ಅವರು ಹೇಳಿದ್ದಾರೆ. ಅದರಿಂದಲೂ ನನಗೆ ಧೈರ್ಯ ಬರುವುದಿಲ್ಲ. ಯಂತ್ರದ ತೀರ್ಪನ್ನು ಮೊದಲು ತೋರಿಸಿ ಆಮೇಲೆ ವೈದ್ಯರನ್ನು ಕೇಳಿದರೆ ಏನಾಗುತ್ತದೆ ಎಂಬುದನ್ನು 2023ರಲ್ಲಿ ರೇಡಿಯಾಲಜಿ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ: ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ಓದುವ 27 ರೇಡಿಯಾಲಜಿಸ್ಟ್‌ಗಳಲ್ಲಿ ಬಹಳ ಅನುಭವಿಗಳಾದವರೂ, ಎಐ ಸರಿಯಾದ ಸೂಚನೆ ಕೊಟ್ಟಾಗ ಶೇ. 82ರಷ್ಟು ಸರಿಯಾಗಿ ಹೇಳಿದರೆ, ತಪ್ಪು ಸೂಚನೆ ಕೊಟ್ಟಾಗ ಶೇ. 45.5ರಷ್ಟು ಮಾತ್ರ ಸರಿಯಾಗಿ ಹೇಳಿದರು. ಅವಸರದಲ್ಲಿ ಒತ್ತುವ ಗುಂಡಿಯನ್ನು ಪರಿಶೀಲನೆ ಎಂದು ಕರೆಯಲಾಗದು.

ಎಐ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಸ್ವೀಡನ್ನಿನಲ್ಲಿ 80,000ಕ್ಕೂ ಹೆಚ್ಚು ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಸ್ತನ ತಪಾಸಣೆಯಲ್ಲಿ ಎಐ ಬಳಸಿ ನೋಡಿದ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ಪತ್ತೆ ಕಡಿಮೆಯಾಗದೆ ವೈದ್ಯರು ಚಿತ್ರ ಓದುವ ಹೊರೆ ಶೇ. 44ರಷ್ಟು ಇಳಿಯಿತು. ಆದರೆ ಅಲ್ಲಿ ಎಐ ಏನೇ ಹೇಳಿದರೂ ಕನಿಷ್ಠ ಒಬ್ಬ ರೇಡಿಯಾಲಜಿಸ್ಟ್ ಚಿತ್ರವನ್ನು ನೋಡುತ್ತಿದ್ದರು. ಫಲಿತಾಂಶವನ್ನು ಎಲ್ಲರ ಮುಂದಿಟ್ಟರು, ವ್ಯಾಪಾರದ ಗುಟ್ಟು ಎಂದು ಮುಚ್ಚಿಡಲಿಲ್ಲ.

ಹಣ ಕಟ್ಟುವ ಮೊದಲೇ, ವರದಿಯನ್ನು ಯಾರು ನೋಡುತ್ತಾರೆ, ಎಐ ಬಳಸುತ್ತೀರಾ, ನನ್ನ ಚಿತ್ರಗಳನ್ನು ತರಬೇತಿಗೆ ತೆಗೆದುಕೊಳ್ಳುತ್ತೀರಾ ಎಂದು ಬರಹದಲ್ಲಿ ಕೇಳಿ. ಚಾಟ್‌ನ ಉತ್ತರವನ್ನು ನಂಬಬೇಡಿ, ವೈದ್ಯರ ದನಿಯನ್ನು ಕೇಳಿಯೇ ನಂಬಿ. ಅಂಗಾಲು, ಅಂಗೈ ಅಥವಾ ಉಗುರಿನಡಿ ಮಚ್ಚೆ ಹರಡುತ್ತಿದ್ದರೆ ಯಾವ ಆ್ಯಪ್ ಏನೇ ಹೇಳಲಿ, ಡರ್ಮೋಸ್ಕೋಪ್ ಇರುವ ವೈದ್ಯರಿಗೆ ತೋರಿಸಿ. ವರದಿಯ ಎಲ್ಲ ಪುಟಗಳನ್ನೂ ಚಾಟ್‌ನ ಪ್ರತಿಯೊಂದು ಸಾಲನ್ನೂ ಸ್ಕ್ರೀನ್‌ಶಾಟ್ ತೆಗೆದಿಡಿ. ನಾನು ದೂರು ಕೊಟ್ಟ ಬಳಿಕ ನಮ್ಮ ಚಾಟ್ ಆ್ಯಪ್‌ನಿಂದ ಮಾಯವಾಗಿದೆ, ವರದಿಯ ಮೊದಲ ಪುಟದಲ್ಲಿದ್ದ "ತಜ್ಞರಿಂದ ಪರಿಶೀಲಿತ" ಎಂಬ ಸಾಲೂ ಈಗ ಅಲ್ಲಿಲ್ಲ. ತಂಗಿ ಮೊದಲೇ ಪ್ರತಿ ಇಟ್ಟುಕೊಂಡಿದ್ದರಿಂದ ವೈದ್ಯಕೀಯ ಪರಿಷತ್ತಿಗೆ ಸಲ್ಲಿಸಿದ ದೂರಿನೊಂದಿಗೆ ಅವೆರಡನ್ನೂ ಲಗತ್ತಿಸಲು ಸಾಧ್ಯವಾಯಿತು.